ಮೊದಲನೆಯದರ ನೆರಳಲ್ಲಿ ಎರಡನೆಯದು: ಶಿವಮೊಗ್ಗ, ತೀರ್ಥಹಳ್ಳಿಯ ಕೇಳುಗರ ಒಂದು ಪ್ರಕರಣ

ಒಂದೇ ಆಲ್ಬಮ್, ಮೈಕ್ ಓಲ್ಡ್‌ಫೀಲ್ಡ್ ಅವರ ಎರಡನೇದು, 'ಹರ್ಗೆಸ್ಟ್ ರಿಡ್ಜ್'. ಶಿವಮೊಗ್ಗದಲ್ಲಿ ಕೇಳಿದವರು "ಪರವಾಗಿಲ್ಲ, ಆದ್ರೆ ಮೊದಲನೇದರ ಹಾಗಿಲ್ಲ" ಅಂದರು. ತೀರ್ಥಹಳ್ಳಿ ಹತ್ತಿರದ ಒಂದು ತೋಟದ ಮನೆಯಲ್ಲಿ ಕೇಳಿದವರು "ಇನ್ನೊಂದು ಸಲ ಹಾಕಿ" ಅಂದರು. ಎರಡೂ ಕಡೆ ಕೂತವರು ಸಂಗೀತದ ಜೊತೆ ಬೆಳೆದವರೇ. ಯಾರೂ ಸುಮ್ನೆ ಮಾತಿಗೆ ಮಾತು ಸೇರಿಸುವವರಲ್ಲ. ಹಾಗಿದ್ದೂ ಅಭಿಪ್ರಾಯ ಯಾಕೆ ಹೀಗೆ ಎರಡು ದಿಕ್ಕಿಗೆ ಹೋಯಿತು ಅನ್ನೋದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಕೇಳಿಸುವ ಕ್ರಮ ಬದಲಾಯಿಸಿ ಮತ್ತೆ ಕೂತೆವು. ಅದನ್ನೆಲ್ಲ ಪೂರ್ತಿಯಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ನನಗೆ ಗೊತ್ತಾಗಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೇ ಆಲ್ಬಮ್ ಬಗ್ಗೆ ಜನ ಆಡುವ ಮಾತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲನೇ ಆಲ್ಬಮ್ಮಿನ ಮಾತೇ ಇರುತ್ತದೆ. ಕ್ರಮ ಬದಲಾಯಿಸಿದರೆ ಮಾತೂ ಬದಲಾಗುತ್ತದೆ. ಆದರೆ ಎಲ್ಲವೂ ಬದಲಾಗುವುದಿಲ್ಲ. ಏನೇ ಮಾಡಿದರೂ ಬದಲಾಗದೆ ಉಳಿಯುವ ಒಂದಿಷ್ಟು ಮಾತು ಇರುತ್ತದಲ್ಲ, ಆ ಸಂಗೀತದ ಬಗ್ಗೆ ನಿಜವಾದ ಅಭಿಪ್ರಾಯ ಅಂತ ನಾನು ಒಪ್ಪುವುದು ಅದನ್ನು ಮಾತ್ರ.

ಯಾವ ಆಲ್ಬಮ್, ಯಾರದ್ದು

ಮೈಕ್ ಓಲ್ಡ್‌ಫೀಲ್ಡ್ ಇಂಗ್ಲೆಂಡಿನವರು, 1953ರಲ್ಲಿ ಹುಟ್ಟಿದವರು. 1973ರ ಮೇ ತಿಂಗಳಲ್ಲಿ ಅವರ ಮೊದಲ ಆಲ್ಬಮ್ 'ಟ್ಯೂಬ್ಯುಲರ್ ಬೆಲ್ಸ್' ಬಂದಾಗ ಆಗಷ್ಟೇ 20 ತುಂಬಿತ್ತು. ವರ್ಜಿನ್ ರೆಕಾರ್ಡ್ಸ್ ಶುರುವಾದದ್ದೇ ಆ ಆಲ್ಬಮ್ಮಿನಿಂದ. ಎಲ್‌ಪಿಯ, ಅಂದರೆ ಹಳೇ ಕಾಲದ ದೊಡ್ಡ ಗ್ರಾಮಫೋನ್ ತಟ್ಟೆಯ, ಒಂದೊಂದು ಮಗ್ಗುಲಿಗೆ ಒಂದೊಂದೇ ಉದ್ದ ರಚನೆ, ನಡುವೆ ನಿಲ್ಲುವುದಿಲ್ಲ. ಬಹುಪಾಲು ವಾದ್ಯಗಳನ್ನು ಅವರೊಬ್ಬರೇ ನುಡಿಸಿ, ಒಂದರ ಮೇಲೊಂದು ಟ್ರ್ಯಾಕ್ ಕೂರಿಸಿದ್ದು. ಶುರುವಿನ ಪಿಯಾನೋ ತುಣುಕು ಆ ವರ್ಷದ ಕೊನೆಗೆ ಬಂದ 'ದಿ ಎಕ್ಸಾರ್ಸಿಸ್ಟ್' ಸಿನಿಮಾದಲ್ಲಿ ಬಂತು. ಆಮೇಲೆ ಆ ತುಣುಕನ್ನು ಕೇಳದವರೇ ಇಲ್ಲ ಅನ್ನುವ ಹಾಗಾಯಿತು.

ಹೆಸರು ಬಂದ ಮೇಲೆ ಆ ಹುಡುಗನಿಗೆ ಜನರ ನಡುವೆ ಇರುವುದೇ ಕಷ್ಟವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯಲ್ಲಿರುವ ಕಿಂಗ್ಟನ್ ಅನ್ನುವ ಸಣ್ಣ ಊರಿನ ಹತ್ತಿರ ಮನೆ ಮಾಡಿದರು. ಅಲ್ಲೇ ಪಕ್ಕದಲ್ಲಿರುವ ಬೋಳು ಬೆಟ್ಟದ ಸಾಲಿನ ಹೆಸರು ಹರ್ಗೆಸ್ಟ್ ರಿಡ್ಜ್. ಎತ್ತರ 426 ಮೀಟರ್. ನಮ್ಮ ಕೊಡಚಾದ್ರಿಯ ಮೂರನೇ ಒಂದು ಭಾಗದಷ್ಟೂ ಇಲ್ಲ. ಎರಡನೇ ಆಲ್ಬಮ್ಮಿಗೆ ಆ ಬೆಟ್ಟದ ಹೆಸರನ್ನೇ ಇಟ್ಟರು. 1974ರ ಆಗಸ್ಟ್‌ ಕೊನೆಯಲ್ಲಿ ಅದು ಬಂತು. ಮತ್ತೆ ಎರಡು ಮಗ್ಗುಲು, ಎರಡು ಉದ್ದ ರಚನೆ. ಈ ಸಲ ಓಬೋ ಅನ್ನುವ ಊದುವ ವಾದ್ಯ, ಟ್ರಂಪೆಟ್, ತಂತಿವಾದ್ಯಗಳ ತಂಡ, ಒಂದಿಷ್ಟು ಹೆಣ್ಣು ದನಿಗಳು ಸೇರಿಕೊಂಡಿವೆ. ಕೋರಸ್ ಮತ್ತು ತಂತಿವಾದ್ಯಗಳನ್ನು ನಡೆಸಿದವರು ಡೇವಿಡ್ ಬೆಡ್‌ಫರ್ಡ್.

ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಅದು ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಅದನ್ನು ಅಲ್ಲಿಂದ ಇಳಿಸಿದ್ದು ಯಾವುದು ಗೊತ್ತಾ? 'ಟ್ಯೂಬ್ಯುಲರ್ ಬೆಲ್ಸ್'. ಬಿಡುಗಡೆಯಾಗಿ ಒಂದೂವರೆ ವರ್ಷ ಹತ್ತಿರವಾಗುತ್ತಿದ್ದ ಹಳೇ ಆಲ್ಬಮ್ 1974ರ ಅಕ್ಟೋಬರಿನಲ್ಲಿ ಮೊದಲ ಸಲ ತುದಿಗೇರಿತು, ಹೊಸದನ್ನು ಕೆಳಗೆ ತಳ್ಳಿತು. ಜನ ಎರಡನೇದನ್ನು ಕೊಂಡರು, ಕೇಳಿದರು, ಕೇಳಿ ಮೊದಲನೇದಕ್ಕೆ ವಾಪಸ್ ಹೋದರು ಅಂತ ನನಗೆ ಓದಿಕೊಳ್ಳಬೇಕು ಅನ್ನಿಸುತ್ತದೆ. ಅಷ್ಟೇ ಕಾರಣ ಅಂತ ಪಟ್ಟಿ ಹೇಳುವುದಿಲ್ಲ, ಸಿನಿಮಾದ ಪಾಲೂ ಇದೆ. ಆದರೆ ವಿಮರ್ಶಕರು ಅಂದಿದ್ದಂತೂ ಹೆಚ್ಚು ಕಡಿಮೆ ಇದನ್ನೇ: ಅದೇ ಆಟವನ್ನು ಮತ್ತೆ ಆಡಿದ್ದಾನೆ, ಈ ಸಲ ಬಿಸಿ ಇಲ್ಲ.

ಶಿವಮೊಗ್ಗದ ಕೂಟ

ನಮ್ಮದು ಸಣ್ಣ ಕೂಟ. ವಿನೋಬನಗರದ ಒಬ್ಬರ ಮನೆ ಮಹಡಿಯಲ್ಲಿ ಭಾನುವಾರ ಸಂಜೆ ಸೇರುತ್ತೇವೆ. ಒಂದು ಆಲ್ಬಮ್ ಪೂರ್ತಿ ಕೇಳುವುದು, ನಡುವೆ ಮಾತಿಲ್ಲ, ಮೊಬೈಲ್ ಇಲ್ಲ, ಆಮೇಲೆ ಕಾಫಿ ಮತ್ತು ಚರ್ಚೆ. ಮನೆಯವರು ಭದ್ರಾವತಿ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು, ಸ್ಪೀಕರ್ ವಿಷಯದಲ್ಲಿ ತುಂಬಾ ಶ್ರದ್ಧೆ. ವಯೊಲಿನ್ ಕಲಿಯುವ ಡಿಗ್ರಿ ಹುಡುಗಿಯೊಬ್ಬಳು ಬರುತ್ತಾಳೆ. ಬ್ಯಾಂಡಿನಲ್ಲಿ ಗಿಟಾರ್ ನುಡಿಸುವ ಹುಡುಗ, ಅವನ ಇಬ್ಬರು ಗೆಳೆಯರು. ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ಕಡೆ ಒಲವಿರುವ ಒಬ್ಬ ನಿವೃತ್ತ ಮೇಷ್ಟ್ರು. ಗಮಕದ ಹೆಸರು ಈ ಸೀಮೆಯಲ್ಲಿ ಬಂದರೆ ಹೊಸಹಳ್ಳಿ ನೆನಪಾಗಲೇಬೇಕು, ಪದ್ಮಶ್ರೀ ಎಚ್.ಆರ್. ಕೇಶವಮೂರ್ತಿಯವರ ಊರು. ನಮ್ಮ ಮೇಷ್ಟ್ರು ಅವರ ವಾಚನ ಕೇಳಿಯೇ ಕಿವಿ ತಿದ್ದಿಕೊಂಡವರು.

ಒಂದು ವಾರ 'ಟ್ಯೂಬ್ಯುಲರ್ ಬೆಲ್ಸ್' ಹಾಕಿದೆವು. ಎಲ್ಲರೂ ಮೆಚ್ಚಿದರು. ಶುರುವಿನ ಪಿಯಾನೋಗೆ ಗಿಟಾರ್ ಹುಡುಗ ಕೈಬೆರಳಲ್ಲಿ ಎಣಿಸುತ್ತಾ ಕೂತಿದ್ದ. ಅದು ಹದಿನೈದರ ಲೆಕ್ಕ, ಏಳು ಮತ್ತು ಎಂಟು. ವಯೊಲಿನ್ ಹುಡುಗಿಗೆ ಅದು ಕೇಳಿದ ಕೂಡಲೇ ಸಿಕ್ಕಿತು, ಏಳರ ನಡೆ ಅವಳಿಗೆ ದಿನದ ಪಾಠ. ಮೊದಲ ಭಾಗದ ಕೊನೆಯಲ್ಲಿ ಒಬ್ಬರು ವಾದ್ಯಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾರೆ, ಹೇಳಿದ ವಾದ್ಯ ಬಂದು ಸೇರಿಕೊಳ್ಳುತ್ತದೆ, ಕೊನೆಗೆ ಗಂಟೆ. ಅಲ್ಲಿ ಮೇಷ್ಟ್ರು ಕುರ್ಚಿಯಿಂದ ಮುಂದಕ್ಕೆ ಬಂದು ಕೂತರು. "ಯಾರು ಯಾರು ಅಂತ ಹೇಳಿ ಕರೀತಾರಲ್ಲ, ಇದು ಚೆಂದ" ಅಂದರು.

ಮುಂದಿನ ವಾರ 'ಹರ್ಗೆಸ್ಟ್ ರಿಡ್ಜ್'. ಹೆಸರು, ಬೆಟ್ಟ, ಕವರಿನ ಮೇಲಿನ ನಾಯಿ, ಎಲ್ಲವನ್ನೂ ಮೊದಲೇ ವಿವರಿಸಿ ಹಾಕಿದ್ದು. ಮುಗಿದ ಮೇಲೆ ಮೊದಲು ಬಾಯಿ ಬಿಟ್ಟವನು ಗಿಟಾರ್ ಹುಡುಗ. "ಇದೇನು, ಶುರುನೇ ಆಗ್ಲಿಲ್ಲ. ಮೊದಲನೇದರಲ್ಲಿ ಎರಡು ನಿಮಿಷಕ್ಕೊಂದು ಹೊಸದು ಬರ್ತಿತ್ತು." ಅವನ ಗೆಳೆಯರು ಹೌದು ಅಂದರು. ಇಂಜಿನಿಯರ್ ಸ್ವಲ್ಪ ಹೊತ್ತು ಸುಮ್ಮನಿದ್ದು "ಧ್ವನಿ ತೆಳುವಾಗಿದೆ, ಹಣ ಬಂದ ಮೇಲೆ ಮಾಡಿದ್ದು ಅನ್ನಿಸಲ್ಲ" ಅಂದರು. ಮೇಷ್ಟ್ರು "ಬೆಟ್ಟ ಅಂದ್ರಿ, ಬೆಟ್ಟ ಎಲ್ಲಿ ಕಾಣ್ತು?" ಅಂತ ಕೇಳಿದರು. ವಯೊಲಿನ್ ಹುಡುಗಿ ಏನೋ ಹೇಳಲು ಹೋಗಿ ಬಿಟ್ಟಳು. ಆ ಸಂಜೆ ಅಷ್ಟಕ್ಕೇ ಮುಗಿಯಿತು, ಮೊದಲನೇ ಆಲ್ಬಮ್ ಎಷ್ಟು ಚೆನ್ನಾಗಿತ್ತು ಅನ್ನೋ ಮಾತೇ ಕಾಫಿ ಮುಗಿಯುವವರೆಗೆ ನಡೆಯಿತು.

ನನಗೆ ಆ ಆಲ್ಬಮ್ ಮೊದಲಿನಿಂದಲೂ ತುಂಬಾ ಇಷ್ಟ. ಹಾಗಾಗಿ ಅವರ ಮಾತು ಬೇಸರ ತಂದಿತು. ಇಷ್ಟು ಒಳ್ಳೆಯ ಕಿವಿಗಳು ಹೀಗೆ ಹೇಳಿದರೆ ಅದನ್ನು ತಳ್ಳಿಹಾಕುವ ಹಾಗೂ ಇಲ್ಲ ಅಲ್ವಾ.

ತೀರ್ಥಹಳ್ಳಿ ಕಡೆಯ ಮನೆ

ಕೆಲವು ತಿಂಗಳ ನಂತರ, ಮಳೆಗಾಲದಲ್ಲಿ, ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿರುವ ನೆಂಟರ ಮನೆಯಲ್ಲಿ ಇದೇ ಆಲ್ಬಮ್ ಹಾಕುವ ಸಂದರ್ಭ ಬಂತು. ಅಡಿಕೆ ತೋಟದ ಮನೆ, ಹಳೇ ಹೆಂಚಿನದ್ದು, ದೊಡ್ಡ ಜಗಲಿ. ಅಲ್ಲಿದ್ದವರಲ್ಲಿ ಯಾರೂ ಓಲ್ಡ್‌ಫೀಲ್ಡ್ ಹೆಸರು ಕೇಳಿರಲಿಲ್ಲ, ಆ ಮನೆಯ ಮಗನನ್ನು ಬಿಟ್ಟು. ಅವನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ, ಆಲ್ಬಮ್ಮಿನ 2010ರ ಮರುಬಿಡುಗಡೆಯ ಸೆಟ್ ಅವನ ಹತ್ತಿರ ಇತ್ತು. ಕೇಳಲು ಕೂತವರು ನನ್ನ ಚಿಕ್ಕಮ್ಮ, ಪಕ್ಕದ ಮನೆಯ ಮದ್ದಳೆ ನುಡಿಸುವ ಹಿರಿಯರು, ಅವರ ಮೊಮ್ಮಗ, ಒಬ್ಬ ಶಾಲಾ ಟೀಚರ್, ಮತ್ತೆ ಒಂದಿಬ್ಬರು.

ಹೆಸರು ಹೇಳಲಿಲ್ಲ. ಯಾವ ದೇಶದ್ದು ಅಂತಲೂ ಹೇಳಲಿಲ್ಲ. ಕೇಳಿ ಮುಗಿದ ಮೇಲೆ ಮಾತಾಡುವ ಮೊದಲು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಅನ್ನಿಸಿದ್ದು ಬರೆಯಬೇಕು ಅಂತ ಮಾತ್ರ ಕೇಳಿಕೊಂಡೆ. ಎಲ್ಲರೂ ಒಟ್ಟಿಗೆ ಕೂತಲ್ಲಿ ಮೊದಲು ಮಾತಾಡಿದವರ ದಾರಿಯಲ್ಲೇ ಉಳಿದವರೂ ಹೋಗುತ್ತಾರೆ, ಶಿವಮೊಗ್ಗದಲ್ಲಿ ಅದನ್ನು ಕಣ್ಣಾರೆ ಕಂಡಿದ್ದೆ.

ಶುರು ಮಾಡುವುದೇ ತಡವಾಯಿತು. ಆಗುಂಬೆ ಸುತ್ತಿನ ಮಳೆ ಹೆಂಚಿನ ಮೇಲೆ ಬೀಳುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಈ ಆಲ್ಬಮ್ ಶುರುವಾಗುವುದು ಬಹಳ ಮೆಲ್ಲಗೆ. ಕೆಳಗೆ ಆರ್ಗನ್ನಿನ ಒಂದು ಉದ್ದ ದನಿ ಹಾಸಿಕೊಂಡಿರುತ್ತದೆ, ಅದರ ಮೇಲೆ ಶಿಳ್ಳೆಯಂಥ ಒಂದು ಪುಟ್ಟ ರಾಗ ಬಂದು ಹೋಗಿ ಮಾಡುತ್ತದೆ. ಮಳೆಯಲ್ಲಿ ಅದು ಹೋಗಿಯೇ ಬಿಡುತ್ತದೆ. ಹಾಗಾಗಿ ಮಳೆ ಹೊಳವಾಗುವವರೆಗೂ ಕಾದು, ಕಿಟಕಿ ಹಾಕಿ, ಆಮೇಲೆ ಒತ್ತಿದ್ದು.

ಆ ಶುರುವನ್ನೇ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದ್ರೆ ಎರಡು ಕೂಟ ಬೇರೆಯಾದದ್ದು ಅಲ್ಲೇ. ಶಿವಮೊಗ್ಗದ ಹುಡುಗರು ಆ ಮೊದಲ ನಿಮಿಷಗಳಲ್ಲಿ ಕಾಯುತ್ತಿದ್ದರು. ಪಿಯಾನೋ ಥರದ್ದು ಯಾವಾಗ ಬರುತ್ತದೆ, ಲೆಕ್ಕ ಯಾವಾಗ ಶುರು ಅಂತ. ತೋಟದ ಮನೆಯವರಿಗೆ ಕಾಯುವುದಕ್ಕೆ ಏನೂ ಇರಲಿಲ್ಲ. ಮದ್ದಳೆಯ ಹಿರಿಯರು ಆ ಹಾಸಿದ ದನಿ ಬಂದ ಕೂಡಲೇ ಕಣ್ಣು ಮುಚ್ಚಿದರು. ಅವರಿಗೆ ಅದು ಶ್ರುತಿ. ಶ್ರುತಿ ಹಿಡಿದ ಮೇಲೆ ಯಾರೋ ಮೆಲ್ಲಗೆ ರಾಗ ತೆಗೆಯುತ್ತಾರೆ, ಅದಕ್ಕೆ ಟೈಮ್ ಬೇಕು, ಅದರಲ್ಲಿ ವಿಚಿತ್ರ ಏನೂ ಇಲ್ಲ. ಓಬೋ ಬಂತು, ಆಮೇಲೆ ದೂರದಿಂದ ಬಂದಂತೆ ಟ್ರಂಪೆಟ್. ಅವರ ಬೆರಳು ತೊಡೆಯ ಮೇಲೆ ಸಣ್ಣಗೆ ಆಡಲು ಶುರುವಾಯಿತು. ತಾಳ ಇರಲಿಲ್ಲ, ಆದರೂ ನಡೆ ಸಿಕ್ಕಿತ್ತು.

ಮೊದಲ ಭಾಗ ಮುಗಿದಾಗ ನಿಲ್ಲಿಸಿ ಕಷಾಯ ಕುಡಿದೆವು. ಇದೂ ಮುಖ್ಯ ಅಂತ ನನಗೆ ಆಮೇಲೆ ಅನ್ನಿಸಿತು. ಎಲ್‌ಪಿ ಕಾಲದಲ್ಲಿ ಮಗ್ಗುಲು ತಿರುಗಿಸಲು ಏಳಲೇಬೇಕಿತ್ತು. ಇಪ್ಪತ್ತು ನಿಮಿಷ ಕೇಳಿ, ಎದ್ದು, ಮತ್ತೆ ಕೂರುವ ಲೆಕ್ಕದಲ್ಲೇ ಇವನ್ನು ಕಟ್ಟಿದ್ದು. ಶಿವಮೊಗ್ಗದಲ್ಲಿ ಎರಡೂ ಭಾಗವನ್ನು ಸಿಡಿಯಲ್ಲಿ ಒಂದೇ ಉಸಿರಿಗೆ ಕೇಳಿದ್ದೆವು.

ಎರಡನೇ ಭಾಗದ ನಡುವೆ ಗಿಟಾರಿನ ದೊಡ್ಡ ಗದ್ದಲ ಒಂದಿದೆ. ಅಭಿಮಾನಿಗಳು ಅದನ್ನು ಗುಡುಗು ಮಳೆ ಅಂತಲೇ ಕರೆಯುತ್ತಾರೆ. ಅಲ್ಲಿಯವರೆಗೆ ಅಕೌಸ್ಟಿಕ್ ಗಿಟಾರು, ಮ್ಯಾಂಡೊಲಿನ್ನು, ಹೆಣ್ಣು ದನಿಗಳು ಅಂತ ಸಮಾಧಾನವಾಗಿ ಹೋಗುತ್ತಿರುತ್ತದೆ. ಆಮೇಲೆ ಎಲೆಕ್ಟ್ರಿಕ್ ಗಿಟಾರುಗಳನ್ನು ಪದರದ ಮೇಲೆ ಪದರ ಹಾಕಿ ಕಟ್ಟಿದ ಒಂದು ಗೋಡೆ ಎದ್ದು ನಿಲ್ಲುತ್ತದೆ. ಒಂದೊಂದು ಗಿಟಾರನ್ನು ಬೇರೆ ಮಾಡಿ ಕೇಳಲು ಆಗುವುದೇ ಇಲ್ಲ, ಅಷ್ಟು ಒತ್ತೊತ್ತಾಗಿದೆ. ಒಂದು ಸ್ವರಗುಚ್ಛ ಮತ್ತೆ ಮತ್ತೆ ಬಡಿಯುತ್ತದೆ, ಕೆಳಗೆ ಬಾಸ್ ಜಾಗ ಬದಲಾಯಿಸುತ್ತಾ ಹೋಗುತ್ತದೆ, ಅದರಿಂದ ಮೇಲಿನದು ಅದೇ ಆಗಿದ್ದರೂ ಬೇರೆ ಥರ ಕೇಳುತ್ತದೆ. ಇದು ಬೇಗ ಮುಗಿಯುವುದಿಲ್ಲ. ನಿಮಿಷಗಟ್ಟಲೆ ನಡೆಯುತ್ತದೆ. ಚಿಕ್ಕಮ್ಮ ಮೊದಲು ಹುಬ್ಬು ಗಂಟಿಕ್ಕಿದರು. ಟೀಚರ್ ಬಿರುಗಾಳಿಗೆ ಸಿಕ್ಕವರ ಹಾಗೆ ಹಿಂದಕ್ಕೆ ಒರಗಿದರು. ಮೊಮ್ಮಗ ಮಾತ್ರ ಸ್ಪೀಕರ್ ಹತ್ತಿರ ಹೋಗಿ ಕೂತ. ಗದ್ದಲ ತಟ್ಟನೆ ಬಿಟ್ಟು ಹೋಗಿ ಮತ್ತೆ ಮೆಲ್ಲಗಿನ ಗಿಟಾರ್ ಬಂದಾಗ ಜಗಲಿಯಲ್ಲಿದ್ದ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಚೀಟಿಗಳಲ್ಲಿ ಬಂದದ್ದು ಹೀಗೆ. ಚಿಕ್ಕಮ್ಮ: "ಮದುವೆ ಮುಗಿದ ಮಾರನೇ ದಿನ ಮನೆ ಹೇಗಿರುತ್ತೋ ಹಾಗಿದೆ. ಗಲಾಟೆ ಮಾತ್ರ ಬೇಡಿತ್ತು." ಟೀಚರ್: "ದೇವಸ್ಥಾನ. ಮೊದಲ ಭಾಗದ ಕೊನೆ ತುಂಬಾ ಇಷ್ಟ. ನಡುವೆ ಒಂದು ಕಡೆ ನಿದ್ದೆ ಬಂತು." ಮೊಮ್ಮಗ: "ಗದ್ದಲದ ಭಾಗ ಇನ್ನೊಂದು ಸಲ ಹಾಕಿ." ಮದ್ದಳೆಯ ಹಿರಿಯರು ಬರೆಯಲಿಲ್ಲ, ಬಾಯಲ್ಲೇ ಹೇಳಿದರು: "ಇವ್ರಿಗೆ ಅವಸರ ಇಲ್ಲ ಮಾರಾಯಾ. ಒಳ್ಳೇದಾಯ್ತು." ಬೆಟ್ಟ ಅಂತ ಒಬ್ಬರೂ ಹೇಳಲಿಲ್ಲ. ಮಲೆನಾಡಿನವರು ಬೆಟ್ಟದ ಸಂಗೀತವನ್ನು ಕೇಳಿದ ಕೂಡಲೇ ಗುರುತು ಹಿಡಿಯುತ್ತಾರೆ ಅಂತ ನಾನೇನಾದರೂ ಬರೆದರೆ ಅದು ಕಟ್ಟುಕಥೆಯಾಗುತ್ತದೆ. ಶಿವಮೊಗ್ಗದ ಮೇಷ್ಟ್ರು ಬೆಟ್ಟ ಹುಡುಕಿದ್ದು ನಾವು ಬೆಟ್ಟ ಅಂತ ಹೇಳಿದ್ದಕ್ಕೆ. ಗಮಕದಲ್ಲಿ ವಾಚನದ ಜೊತೆ ವ್ಯಾಖ್ಯಾನ ಇರುತ್ತದೆ. ಮಾತಿಲ್ಲದ ಸಂಗೀತದಲ್ಲಿ ಹೆಸರೇ ವ್ಯಾಖ್ಯಾನ ಆಗಿಬಿಡುತ್ತದೆ, ಕೇಳುವವರು ಅದಕ್ಕೆ ಸಂಗೀತವನ್ನು ಹೊಂದಿಸಿ ನೋಡುತ್ತಾರೆ, ಹೊಂದದಿದ್ದರೆ ಸಂಗೀತದ್ದೇ ತಪ್ಪು ಅನ್ನುತ್ತಾರೆ.

ಏನೇನು ಬೇರೆ ಇತ್ತು

ಇಲ್ಲಿಗೆ ನಿಲ್ಲಿಸಿ "ನೋಡಿ, ಮೊದಲನೇದನ್ನು ಕೇಳದವರಿಗೆ ಎರಡನೇದು ಇಷ್ಟವಾಗುತ್ತದೆ" ಅಂದುಬಿಡುವುದು ಸುಲಭ. ಆದರೆ ಎರಡು ಕೂಟಗಳ ನಡುವೆ ಬೇರೆ ಇದ್ದದ್ದು ಅದೊಂದೇ ಅಲ್ಲ. ಹೆಸರು ಹೇಳಿದ್ದು, ಹೇಳದ್ದು. ಬಾಯಲ್ಲಿ ಕೇಳಿದ್ದು, ಚೀಟಿಯಲ್ಲಿ ಕೇಳಿದ್ದು. ನಡುವೆ ಬಿಡುವು ಕೊಟ್ಟದ್ದು. ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಅವರು ಕೇಳಿದ್ದು ಬೇರೆ ಬೇರೆ ಮಿಕ್ಸ್, ಅಂದರೆ ಅದೇ ರೆಕಾರ್ಡಿಂಗಿನಲ್ಲಿ ಯಾವ ವಾದ್ಯ ಎಷ್ಟು ಕೇಳಬೇಕು ಅಂತ ಬೇರೆ ಬೇರೆ ಥರ ಹೊಂದಿಸಿದ್ದು.

ಈ ವಿಷಯ ಗೊತ್ತಿಲ್ಲದೆ ಈ ಆಲ್ಬಮ್ ಬಗ್ಗೆ ವಾದ ಮಾಡುವವರು ತುಂಬಾ ಜನ ಇದ್ದಾರೆ. ಓಲ್ಡ್‌ಫೀಲ್ಡ್‌ಗೇ ತಮ್ಮ ಎರಡನೇ ಆಲ್ಬಮ್ ಬಗ್ಗೆ ಸಮಾಧಾನ ಇರಲಿಲ್ಲ. 1976ರಲ್ಲಿ 'ಬಾಕ್ಸ್ಡ್' ಅನ್ನುವ ನಾಲ್ಕು ಎಲ್‌ಪಿಗಳ ಸೆಟ್ ಬಂದಾಗ ನಾಲ್ಕು ಚಾನೆಲ್ಲಿನ (ನಾಲ್ಕು ಸ್ಪೀಕರಿನಿಂದ ಬೇರೆ ಬೇರೆ ಬರುವ) ಧ್ವನಿಗಾಗಿ ಇದನ್ನು ಮತ್ತೆ ಮಿಕ್ಸ್ ಮಾಡಿದರು. ಕೆಲವು ವಾದ್ಯಗಳನ್ನು ಹಿಂದಕ್ಕೆ ಸರಿಸಿದರು, ಕೆಲವನ್ನು ತೆಗೆದೇಬಿಟ್ಟರು. ಆಮೇಲೆ ಬರುವ ಪ್ರತಿಗಳಿಗೆಲ್ಲ ಆ ಹೊಸ ಮಿಕ್ಸ್ ಬಳಸುವಂತೆ ಮಾಡಿದರು. ಹಾಗಾಗಿ ಸಿಡಿ ಕಾಲದಲ್ಲಿ ಕೊಂಡವರಿಗೆಲ್ಲ ಸಿಕ್ಕಿದ್ದು 1976ರ ಮಿಕ್ಸ್. 1974ರಲ್ಲಿ ಜನ ಕೇಳಿದ ಮೂಲ ಮಿಕ್ಸ್ ಮತ್ತೆ ಸುಲಭವಾಗಿ ಸಿಕ್ಕಿದ್ದು 2010ರ ಮರುಬಿಡುಗಡೆಯಲ್ಲಿ. ಅಂದರೆ ಎಲ್‌ಪಿ ಕಾಲದವರೂ ಸಿಡಿ ಕಾಲದವರೂ ಒಂದೇ ಹೆಸರು ಹೇಳಿ ಎರಡು ಬೇರೆ ಧ್ವನಿಗಳ ಬಗ್ಗೆ ಜಗಳ ಆಡುತ್ತಿದ್ದರು. ಶಿವಮೊಗ್ಗದ ಇಂಜಿನಿಯರ್ ಹತ್ತಿರ ಇದ್ದದ್ದು ಹಳೇ ಸಿಡಿ. ತೀರ್ಥಹಳ್ಳಿಯಲ್ಲಿ ನಾವು ಹಾಕಿದ್ದು 1974ರ ಮಿಕ್ಸ್. ಇಂಜಿನಿಯರ್ ಧ್ವನಿ ತೆಳು ಅಂದದ್ದರಲ್ಲಿ ಹುರುಳಿತ್ತು.

ಹಾಗಾದರೆ ಯಾವುದು ಕಾರಣ, ಕ್ರಮವೋ ಮಿಕ್ಸೋ? ಬಿಡಿಸಿ ನೋಡಲು ಒಂದೇ ದಾರಿ, ಅದಲು ಬದಲು ಮಾಡುವುದು.

ಅದಲು ಬದಲು

ಶಿವಮೊಗ್ಗದಲ್ಲಿ 1974ರ ಮಿಕ್ಸ್ ಹಾಕಿದೆವು. ಹತ್ತಿರದಲ್ಲಿ ಎಲ್ಲೂ 'ಟ್ಯೂಬ್ಯುಲರ್ ಬೆಲ್ಸ್' ಇರದ ಹಾಗೆ, ಬಹಳ ದಿನ ಬಿಟ್ಟು. ಈ ಸಲ ಚೀಟಿ, ನಡುವೆ ಕಾಫಿ. ಇಂಜಿನಿಯರ್ ಪೂರ್ತಿ ತಿರುಗಿದರು. "ಇದು ಬೇರೆಯೇ ರೆಕಾರ್ಡು. ಇಷ್ಟೊಂದು ಒಳಗಿತ್ತಾ?" ಅಂತ ಬರೆದರು. ಮೊದಲ ಭಾಗದ ಕೊನೆಯಲ್ಲಿ ಗಂಟೆಗಳೂ ದನಿಗಳೂ ಒಟ್ಟಿಗೆ ಏಳುವ ಜಾಗ ಅವರಿಗೆ ಬಹಳ ಹಿಡಿಸಿತು. ವಯೊಲಿನ್ ಹುಡುಗಿಯ ಚೀಟಿ ನನ್ನನ್ನು ಯೋಚನೆಗೆ ಹಚ್ಚಿತು. ಅವಳಿಗೆ ಹಳೇ ಸಿಡಿಯೇ ಇಷ್ಟವಂತೆ. "ಅದರಲ್ಲಿ ಜಾಗ ಇತ್ತು, ಓಬೋ ಒಂದೇ ನಿಂತು ಕೇಳ್ತಿತ್ತು, ಇದರಲ್ಲಿ ಎಲ್ಲ ಮೇಲೆ ಮೇಲೆ ಬೀಳುತ್ತೆ." ಮೊದಲ ಸಂಜೆಯೇ ಅವಳಿಗೆ ಆಲ್ಬಮ್ ಇಷ್ಟವಾಗಿತ್ತು, ಎಲ್ಲರೂ ಬೇಡ ಅಂದಾಗ ಹೇಳಲಿಲ್ಲ, ಅಷ್ಟೇ. ಗಿಟಾರ್ ಹುಡುಗ ಒಂದು ಇಂಚೂ ಅಲ್ಲಾಡಲಿಲ್ಲ. ಮಿಕ್ಸ್ ಯಾವುದಾದರೇನು, ಅವನು ಮನಸ್ಸಿನಲ್ಲಿ ಮೊದಲನೇದನ್ನೇ ಪಕ್ಕಕ್ಕಿಟ್ಟುಕೊಂಡು ಕೇಳುತ್ತಿದ್ದ. ಮೇಷ್ಟ್ರು ಬೆಟ್ಟ ಹುಡುಕುವುದನ್ನು ಬಿಟ್ಟಿದ್ದರು. "ಹೆಸರು ಮರೆತು ಕೇಳಿದೆ, ಸುಖವಾಗಿದೆ" ಅಂದರು.

ಅಂದರೆ ಮಿಕ್ಸ್ ಕೆಲಸ ಮಾಡುತ್ತದೆ, ಆದರೆ ಎರಡೂ ದಿಕ್ಕಿಗೆ. ಒಬ್ಬರಿಗೆ ತುಂಬಿದ್ದು ಬೇಕು, ಇನ್ನೊಬ್ಬರಿಗೆ ಖಾಲಿ ಜಾಗ ಬೇಕು. ಕೂಟ ಇಡಿಯಾಗಿ ಇಷ್ಟದ ಕಡೆಗೋ ಬೇಡದ ಕಡೆಗೋ ಸರಿಯುವುದಕ್ಕೆ ಅದು ಕಾರಣವಾಗಲಾರದು.

ತೀರ್ಥಹಳ್ಳಿ ಕಡೆ ಉಲ್ಟಾ ಮಾಡಿದೆವು. ಮೊದಲು 'ಟ್ಯೂಬ್ಯುಲರ್ ಬೆಲ್ಸ್', ಅದಾದ ಮಾರನೇ ದಿನವೇ 'ಹರ್ಗೆಸ್ಟ್ ರಿಡ್ಜ್' ಮತ್ತೊಮ್ಮೆ, ಹಿಂದೆ ಕೇಳಿದ ಅದೇ 1974ರ ಮಿಕ್ಸ್. ಒಂದು ಸ್ವರವೂ ಬದಲಾಗಿರಲಿಲ್ಲ. ಆದರೂ ಟೀಚರ್ "ಅವತ್ತು ಕೇಳಿದ್ದು ಇದೇನಾ? ಸಪ್ಪೆ ಆಯ್ತಲ್ಲ" ಅಂದರು. ಗದ್ದಲದ ಭಾಗ ಮತ್ತೆ ಹಾಕಿ ಅಂದಿದ್ದ ಮೊಮ್ಮಗ ಈಗ ಮೊದಲನೇ ಆಲ್ಬಮ್ಮಿನ ಕೊನೆಯ ಗಂಟೆಯ ಮಾತನ್ನೇ ಆಡುತ್ತಿದ್ದ. ಶಿವಮೊಗ್ಗದ ಆ ಭಾನುವಾರದ ಮಾತುಗಳೇ ಹೆಚ್ಚು ಕಡಿಮೆ ಅದೇ ಶಬ್ದಗಳಲ್ಲಿ ಇಲ್ಲೂ ಬಂದವು. ನನ್ನ ಮಟ್ಟಿಗೆ ಇದು ಸಾಕು. ಕ್ರಮದ ಭಾರವೇ ಜಾಸ್ತಿ.

ಕದಲದೆ ಉಳಿದವರು ಇಬ್ಬರು. ಚಿಕ್ಕಮ್ಮನಿಗೆ ಎರಡನೇದೇ ಇಷ್ಟ, ಗಲಾಟೆ ಬೇಡಿತ್ತು ಅನ್ನೋದೂ ಹಾಗೆಯೇ. ಮದ್ದಳೆಯ ಹಿರಿಯರು ಎರಡನ್ನೂ ಕೇಳಿ ಯಕ್ಷಗಾನಕ್ಕೆ ಹೋಲಿಸಿ ಒಂದು ಮಾತು ಹೇಳಿದರು: "ಮೊದಲನೇದು ಆಟ. ಗಳಿಗೆಗೊಂದು ವೇಷ ಬರ್ತದೆ, ರಂಗ ತುಂಬ್ತದೆ. ಇದು ತಾಳಮದ್ದಳೆ. ವೇಷ ಇಲ್ಲ, ಕೂತು ಕೇಳ್ಬೇಕು. ಆಟ ನೋಡಿ ಬಂದವರನ್ನ ಕೂಡಲೇ ತಾಳಮದ್ದಳೆಗೆ ಕೂರಿಸಿದ್ರೆ ಎಂತ ಆಗ್ತದೆ, ಆಕಳಿಸ್ತಾರೆ." ಈ ಆಲ್ಬಮ್ ಬಗ್ಗೆ ನಾನು ಓದಿದ, ಕೇಳಿದ ಮಾತುಗಳಲ್ಲಿ ಇದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ.

ಬದಲಾಗದೆ ಉಳಿದ ಮಾತು

ಎಲ್ಲ ಚೀಟಿಗಳನ್ನೂ ಹರಡಿಕೊಂಡು, ಎಷ್ಟು ಬದಲಾಯಿಸಿದರೂ ಬದಲಾಗದೆ ಬಂದ ಮಾತುಗಳನ್ನು ಹುಡುಕಿದೆ. ಒಂದು, ಮೊದಲ ಭಾಗದ ನಡುವಿನಲ್ಲಿ ಕಾಲು ಎಳೆಯುತ್ತದೆ. ಇಷ್ಟಪಟ್ಟವರೂ ಇದನ್ನು ಹೇಳಿದ್ದಾರೆ, ಎರಡೂ ಊರಿನಲ್ಲಿ, ಎರಡೂ ಮಿಕ್ಸ್‌ನಲ್ಲಿ. ನಾನೂ ಒಪ್ಪುತ್ತೇನೆ. ಒಂದು ರಾಗದಿಂದ ಇನ್ನೊಂದಕ್ಕೆ ದಾಟುವ ಕಡೆ ಸೇತುವೆ ಸಡಿಲ, ಬರೆಯಲು ಅವರಿಗೆ ಇನ್ನೊಂದಿಷ್ಟು ಕಾಲ ಸಿಕ್ಕಿದ್ದರೆ ಅದು ಬಿಗಿಯಾಗುತ್ತಿತ್ತು ಅನ್ನಿಸುತ್ತದೆ. ಮೊದಲನೇದು ಬಂದು ಒಂದೂ ಕಾಲು ವರ್ಷಕ್ಕೆ ಎರಡನೇದು ಅಂಗಡಿಗೆ ಬಂದಿತ್ತು.

ಇನ್ನೊಂದು, ಓಬೋ ಮತ್ತು ಟ್ರಂಪೆಟ್ಟಿನ ರಾಗ. ಬೇಡ ಅಂದವರಿಗೂ ಅದು ನೆನಪಿದೆ. ಗಿಟಾರ್ ಹುಡುಗ ಆಲ್ಬಮ್ ಸುಮಾರು ಅನ್ನುತ್ತಲೇ ಮೆಟ್ಟಿಲಿಳಿಯುವಾಗ ಅದನ್ನೇ ಗುನುಗುತ್ತಿದ್ದ. ಬಾಯಿ ಹೇಳುವುದಕ್ಕಿಂತ ಇದನ್ನು ನಾನು ಜಾಸ್ತಿ ನಂಬುತ್ತೇನೆ. ಕೇಳುಗರ ಅಭಿಪ್ರಾಯ ಬೇಕು ಅಂದರೆ ಚೆನ್ನಾಗಿತ್ತಾ ಅಂತ ಕೇಳಬಾರದು, ಎಲ್ಲಿ ಏನಾಯಿತು ಅಂತ ಕೇಳಬೇಕು. ಚೆನ್ನಾಗಿತ್ತಾ ಅಂದ ಕೂಡಲೇ ಜನ ಹೋಲಿಸಲು ಹೊರಡುತ್ತಾರೆ. ಎಲ್ಲಿ ಅಂತ ಕೇಳಿದರೆ ಅವರು ಮತ್ತೆ ಸಂಗೀತದ ಒಳಗೇ ಹೋಗಬೇಕಾಗುತ್ತದೆ.

ಗುಡುಗಿನ ಭಾಗದ ಬಗ್ಗೆ ಮಾತ್ರ ಒಮ್ಮತ ಇಲ್ಲ, ಬರುವುದೂ ಇಲ್ಲ. ಬೇಡ ಅಂದವರು ಬೇಡ, ಬೇಕು ಅಂದವರು ಬೇಕು. ಆದರೆ ಅದನ್ನು ಸುಮ್ಮನೆ ದಾಟಿ ಹೋದವರು ಕಡಿಮೆ. ಹಲವು ಚೀಟಿಗಳಲ್ಲಿ ಅದು ಇದೆ. ನನಗೆ ಅದು ಈ ಆಲ್ಬಮ್ಮಿನ ಎದೆ. ಅದರ ಉದ್ದವೇ ಅದರ ಅರ್ಥ, ಅರ್ಧಕ್ಕೆ ಕತ್ತರಿಸಿದ್ದರೆ ಆಮೇಲೆ ಬರುವ ಮೆಲ್ಲಗಿನ ಗಿಟಾರಿಗೆ ಆ ಬಿಡುಗಡೆ ಸಿಗುತ್ತಿರಲಿಲ್ಲ. ಚಿಕ್ಕಮ್ಮನ ಹತ್ತಿರ ಇದನ್ನು ಎಷ್ಟು ಹೇಳಿದರೂ ಒಪ್ಪಿಲ್ಲ.

ಹಾಗಂತ 1974ರ ವಿಮರ್ಶಕರದ್ದು ಪೂರ್ತಿ ತಪ್ಪು ಅಂತಲೂ ನಾನು ಹೇಳುವುದಿಲ್ಲ. ಕಟ್ಟುವ ರೀತಿ ಅದೇ. ಎರಡು ಮಗ್ಗುಲು, ಮೆಲ್ಲಗೆ ಶುರು, ಪದರದ ಮೇಲೆ ಪದರ, ಭಾಗದ ಕೊನೆಗೆ ಗಂಟೆ. ಮೊದಲನೇದರಲ್ಲಿ ಕೇಳಿದ ಗಂಟೆ ಎರಡನೇದರಲ್ಲೂ ಬಂದಾಗ ಹೋಲಿಸಬೇಡಿ ಅಂತ ಯಾರಿಗೂ ಹೇಳಲಾಗದು, ಹೋಲಿಕೆಗೆ ದಾರಿ ಮಾಡಿಕೊಟ್ಟವರು ಅವರೇ. ಆದರೆ ಆ ಕಟ್ಟಡದ ಒಳಗಿರುವ ಮನಸ್ಸು ಬೇರೆ. ಮೊದಲನೇದು ತನ್ನ ಕೈಯಲ್ಲಿ ಏನೇನಿದೆ ಅಂತ ಜಗತ್ತಿಗೆ ತೋರಿಸಲು ಹೊರಟ ಹುಡುಗನ ಕೆಲಸ. ಎರಡನೇದನ್ನು ಮಾಡಿದಾಗ ಅವನಿಗೆ ಯಾರಿಗೂ ಏನೂ ತೋರಿಸುವುದು ಬೇಕಿರಲಿಲ್ಲ. ಎರಡು ನಿಮಿಷಕ್ಕೊಂದು ಹೊಸ ತಿರುವು ಕೇಳುವವರಿಗೆ ಅದು ಕೊರತೆಯಾಗಿ ಕಂಡಿತು.

ಮುಂದಿನದು ಮೂರನೇ ಆಲ್ಬಮ್ 'ಒಮ್ಮಡಾನ್', 1975ರದ್ದು. ಕಿಂಗ್ಟನ್ ಹತ್ತಿರದ ಅದೇ ಮನೆಯಲ್ಲಿ ಸ್ಟುಡಿಯೋ ಹಾಕಿಕೊಂಡು ಮಾಡಿದ್ದು, ಅದರಲ್ಲಿ ಆಫ್ರಿಕಾದ ಡೋಲುಗಳಿವೆ, ಐರ್ಲೆಂಡಿನ ಪೈಪ್ ವಾದ್ಯ ಇದೆ. ಮದ್ದಳೆಯ ಹಿರಿಯರು ಡೋಲು ಅಂದ ಕೂಡಲೇ ಬರುತ್ತೇನೆ ಅಂದಿದ್ದಾರೆ, ಮಳೆ ಕಡಿಮೆಯಾದ ಮೇಲೆ ಶಿವಮೊಗ್ಗಕ್ಕೆ. ಎರಡೂ ಕೂಟಗಳನ್ನು ಒಟ್ಟಿಗೆ ಕೂರಿಸುತ್ತೇವೆ. ಮೊದಲಿನ ಎರಡನ್ನೂ ಕೇಳದವರು ಒಂದಿಬ್ಬರಾದರೂ ಇರಲೇಬೇಕು ಅಂತ ಇಂಜಿನಿಯರ್ ಪಟ್ಟು ಹಿಡಿದಿದ್ದಾರೆ. ಅವರ ಪಕ್ಕದ ಮನೆಯ ಪಿಯುಸಿ ಹುಡುಗರಿಬ್ಬರಿಗೆ ಆಲ್ಬಮ್ಮಿನ ಹೆಸರು ಹೇಳದೆ ಬರಹೇಳಿ ಆಗಿದೆ.